ಹಳೆಯ ಲಾರಿಗೆ ಹೊಸ ನಾಜಲ್ಲು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲಾರಿಯ ಎಂಜಿನ್ನಿಗೆ ಏನು ಕೆಲಸವೆಂದು ಕೆಲವು ಮಿತ್ರರು ಕೇಳಬಹುದು. ಪಂಪನ ವಿಷಯವಾಗಿ ಏನಾದರೂ ಬರೆಯಬಾರದಿತ್ತೆ ಎನ್ನಲೂಬಹುದು. ಪಂಪಿನ ಮಾತು ಇಲ್ಲಿಯೂ ಬರುತ್ತದೆ. ಆದರೆ ಅದು ಡೀಸೆಲ್ ಪಂಪು! ನಮ್ಮ ಹಾಸ್ಟೆಲಿನ ಅಕ್ಕಿ, ಈ ಕಟ್ಟಡದ ಇಟ್ಟಿಗೆ, ಈ ಸಂಚಿಕೆಯ ಕಾಗದ ಎಲ್ಲವೂ ಲಾರಿಯ ಮೇಲೆ ಬಂದವುಗಳೇ. ನಮ್ಮ ತರಗತಿಯಲ್ಲಿಯೇ ಡ್ರೈವರುಗಳ, ಗ್ಯಾರೇಜು ಮೇಸ್ತ್ರಿಗಳ ಮಕ್ಕಳು ಐದಾರು ಮಂದಿಯಾದರೂ ಇದ್ದೇವೆ. ನನ್ನ ಸೋದರಮಾವನವರದೊಂದು ಹಳೆಯ ಟಾಟಾ ಲಾರಿ ಉಂಟು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮೆಕ್ಕೆಜೋಳ ಹೇರಿಕೊಂಡು ಹೋಗುವುದು ಅದರ ಮುಖ್ಯ ಕಸುಬು. ಆ ಲಾರಿಯೊಂದಿಗೆ ಗ್ಯಾರೇಜಿನಲ್ಲಿ ಕಳೆದ ರಜೆಯ ದಿನಗಳೇ ಈ ಲೇಖನದ ಬಂಡವಾಳ.

ಮೊದಲು ಡೀಸೆಲ್ ಎಂಜಿನ್ನಿನ ಗುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಉಂಟು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಮುಟ್ಟಿ ನೋಡಿದವರೇ. ಗಾಳಿಯನ್ನು ಒತ್ತಿದರೆ ಶಾಖ ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಸುಮಾರು ಹದಿನೇಳನೆಯ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿಯ ಶಾಖ ೫೦೦ ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಪಿಸ್ಟನ್ನು ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಸಾಕು, ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ. ಹೀಗೆ ಸಿಂಪಡಿಸುವ ಉಪಕರಣಕ್ಕೆ ಪುಸ್ತಕದಲ್ಲಿ ಇಂಜೆಕ್ಟರ್ ಎಂದು ಹೆಸರು. ಗ್ಯಾರೇಜಿನಲ್ಲಿ ಅದರ ಮೂತಿಗೂ ಇಡಿಯ ಉಪಕರಣಕ್ಕೂ ಸೇರಿಸಿ ನಾಜಲ್ಲು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಸಿಂಪಡಿಸುವುದೆಂದರೆ ಸುಲಭವೆಂದು ತೋರಬಹುದು. ಒಳಗೆ ಮೂವತ್ತು, ನಲವತ್ತು ಪಟ್ಟು ಒತ್ತಡದಲ್ಲಿ ಗಾಳಿ ಅದುಮಿಕೊಂಡು ಕುಳಿತಿರುವಾಗ ಅದನ್ನು ಭೇದಿಸಿ ಎಣ್ಣೆಯನ್ನು ಒಳಗೆ ನುಗ್ಗಿಸುವುದು ಸಾಮಾನ್ಯದ ಮಾತಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ೧೮೯೭ರಲ್ಲಿ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಓಡಿಸಿ ತೋರಿಸಿದಾಗ, ಎಣ್ಣೆಯನ್ನು ಒಳಗೆ ಊದುವುದಕ್ಕೆಂದೇ ಬೇರೊಂದು ಗಾಳಿಯಂತ್ರ ಬೇಕಾಗಿತ್ತು. ಅಷ್ಟು ಭಾರವನ್ನು ಹೊತ್ತುಕೊಂಡು ಯಾವ ಲಾರಿ ಓಡೀತು? ಆದುದರಿಂದ ಆ ಎಂಜಿನ್ನುಗಳು ಕಾರ್ಖಾನೆಗಳಲ್ಲಿಯೂ ಹಡಗುಗಳಲ್ಲಿಯೂ ನಿಂತುಬಿಟ್ಟವು. ಪಾಪ, ಡೀಸೆಲ್ ಮಹಾಶಯನು ೧೯೧೩ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ರಾತ್ರೋರಾತ್ರಿ ಕಾಣೆಯಾದನು. ತನ್ನ ಹೆಸರಿನ ಎಂಜಿನ್ನು ರಸ್ತೆಗೆ ಇಳಿದುದನ್ನು ಅವನು ನೋಡಲೇ ಇಲ್ಲ. ಗಾಳಿಯ ಹಂಗಿಲ್ಲದೆ ಎಣ್ಣೆಯನ್ನೇ ನೇರವಾಗಿ ಒತ್ತುವ ಚಿಕ್ಕ ಪಂಪನ್ನು ರಾಬರ್ಟ್ ಬಾಷ್‌ನ ಕಾರ್ಖಾನೆ ೧೯೨೭ರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗೆ ನಿಜವಾದ ಜೀವ ಬಂತು.

ಇದರಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ಬಾಷ್ ಕಂಪನಿಯ ಸಹಯೋಗದಲ್ಲಿ ೧೯೫೧ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಎಂಬುದು ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. ಅದನ್ನು ಜನ ಕರೆದದ್ದು ಮೈಕೋ ಎಂದು. ಡೀಸೆಲ್ ಪಂಪು, ನಾಜಲ್ಲುಗಳು ಅಲ್ಲಿ ತಯಾರಾಗಿ ದೇಶದ ಮೂಲೆ ಮೂಲೆಗೂ ಹೋದವು. ೨೦೦೮ರಲ್ಲಿ ಕಂಪನಿಯು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಆದರೂ ಬೆಂಗಳೂರಿನ ಒಂದು ಬಡಾವಣೆ ಇಂದಿಗೂ ಮೈಕೋ ಲೇಔಟ್. ಹಳೆಯ ಮೇಸ್ತ್ರಿಗಳ ಬಾಯಲ್ಲಿಯೂ ಅದು 'ಮೈಕೋ ನಾಜಲ್ಲೇ' ಹೊರತು ಬೇರೆಯಲ್ಲ.

ಮಾವನವರ ಲಾರಿಯ ಎಂಜಿನ್ನಿಗೆ ೬೯೭ ಎಂದು ಹೆಸರು. ಇದು ಲಾಟರಿಯ ನಂಬರಿನಂತೆ ಕಂಡರೂ ಅರ್ಥವುಳ್ಳದ್ದು. ಆರು ಸಿಲಿಂಡರು, ಒಂದೊಂದರ ಒಳವ್ಯಾಸ ೯೭ ಮಿಲಿಮೀಟರು. ಪಿಸ್ಟನ್ನಿನ ಓಟ ೧೨೮ ಮಿಲಿಮೀಟರು. ಗುಣಿಸಿ ನೋಡಿದರೆ ಆರಕ್ಕೂ ಸೇರಿ ೫,೬೭೫ ಘನ ಸೆಂಟಿಮೀಟರು ಬರುತ್ತದೆ. ೧೯೫೪ರಿಂದ ೧೯೬೯ರವರೆಗೆ ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಕೂಡಿ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸಿದರು. ಈ ಎಂಜಿನ್ನು ಆ ಮನೆತನಕ್ಕೆ ಸೇರಿದ್ದು. ಆ ಒಪ್ಪಂದದ ಮೊದಲ ಲಾರಿಗಳಲ್ಲಿ ಎಣ್ಣೆಯನ್ನು ಪಕ್ಕದ ಒಂದು ಪುಟ್ಟ ಕೋಣೆಗೆ ಸಿಂಪಡಿಸಿ ಅಲ್ಲಿಂದ ಬೆಂಕಿಯನ್ನು ಸಿಲಿಂಡರಿಗೆ ಹರಿಸುವ ಏರ್ಪಾಡಿತ್ತು. ಅದಕ್ಕೆ ಕಡಿಮೆ ಒತ್ತಡದ ನಾಜಲ್ಲು ಸಾಕಾಗುತ್ತಿತ್ತು. ೬೯೭ರಲ್ಲಿ ಎಣ್ಣೆ ನೇರವಾಗಿ ಪಿಸ್ಟನ್ನಿನ ತಲೆಯ ಮೇಲಿನ ಬಟ್ಟಲಿಗೇ ಬೀಳುತ್ತದೆ. ಇದರಿಂದ ಡೀಸೆಲ್ ಉಳಿತಾಯವಾಯಿತು. ಆದರೆ ನಾಜಲ್ಲಿನ ಹೊಣೆ ಹೆಚ್ಚಿತು.

ಆ ಹೊಣೆ ಎಷ್ಟೆಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ. ಲಾರಿಯು ಲೀಟರಿಗೆ ೪ ಕಿಲೋಮೀಟರಿನಂತೆ, ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ಗಂಟೆಗೆ ಹನ್ನೆರಡೂವರೆ ಲೀಟರು ಉರಿಯಿತು. ಎಂಜಿನ್ನು ನಿಮಿಷಕ್ಕೆ ೨,೦೦೦ ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿಗೂ ಎಣ್ಣೆ ಬೀಳಬೇಕು. ಎಂದರೆ ಆರು ನಾಜಲ್ಲುಗಳೂ ಸೇರಿ ಗಂಟೆಗೆ ೩,೬೦,೦೦೦ ಸಲ ಸಿಂಪಡಿಸಬೇಕು. ಭಾಗಿಸಿದರೆ ಒಂದು ಸಲಕ್ಕೆ ಬೀಳುವ ಎಣ್ಣೆ ೩೫ ಘನ ಮಿಲಿಮೀಟರು. ನಾವು ಕಣ್ಣಿಗೆ ಬಿಟ್ಟುಕೊಳ್ಳುವ ಔಷಧದ ಒಂದು ತೊಟ್ಟಿಗಿಂತಲೂ ಕಡಿಮೆ! ಆ ಅರೆತೊಟ್ಟನ್ನು ಕೂದಲೆಳೆ ತೂರುವಷ್ಟೇ ಇರುವ ನಾಲ್ಕಾರು ರಂಧ್ರಗಳಿಗೆ ಹಂಚಿ, ಒಂದು ಸೆಕೆಂಡಿನ ಸುಮಾರು ಐನೂರನೆಯ ಒಂದು ಪಾಲಿನಲ್ಲಿ ಸಿಂಪಡಿಸಿ ಮುಗಿಸಿ, ತಟ್ಟನೆ ಬಾಯಿ ಮುಚ್ಚಬೇಕು. ಮುಚ್ಚಿದ ಮೇಲೆ ಒಂದು ತೊಟ್ಟೂ ಸೋರಬಾರದು. ಮರುಕ್ಷಣ ಮತ್ತೆ ಅದೇ ಕೆಲಸ. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಪಾಪದ ನಾಜಲ್ಲು ಎಷ್ಟು ಲಕ್ಷ ಸಲ ಬಾಯಿ ತೆರೆದು ಮುಚ್ಚಿರುತ್ತದೆಂಬುದನ್ನು ಗಣಿತದ ಮಿತ್ರರಿಗೆ ಬಿಡುತ್ತೇನೆ.

ನೋಡುವುದಕ್ಕೆ ನಾಜಲ್ಲು ಗೇಣುದ್ದದ ಒಂದು ಉಕ್ಕಿನ ಕಡ್ಡಿ. ಒಳಗೆ ಒಂದು ಬಿಗಿಯಾದ ಸ್ಪ್ರಿಂಗು. ಅದರ ಕೆಳಗೆ ಒಂದು ಸೂಜಿ. ಸ್ಪ್ರಿಂಗು ಸೂಜಿಯನ್ನು ಮೂತಿಯ ಒಳಗಿನ ಪೀಠಕ್ಕೆ ಒತ್ತಿ ಹಿಡಿದಿರುತ್ತದೆ. ಪಂಪಿನಿಂದ ಉಕ್ಕಿನ ಕೊಳವೆಯಲ್ಲಿ ನುಗ್ಗಿ ಬಂದ ಎಣ್ಣೆಯ ಒತ್ತಡ ಸುಮಾರು ೨೦೦ ಅಟ್ಮಾಸ್ಫಿಯರು ಮುಟ್ಟಿದಾಗ, ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ೨೦೦ ಕಿಲೋ ಭಾರವಿಟ್ಟಂತಾದಾಗ, ಸೂಜಿ ಮೇಲೆದ್ದು ದಾರಿ ಬಿಡುತ್ತದೆ. ಎಂಜಿನ್ನಿನಿಂದ ಎಂಜಿನ್ನಿಗೆ ಈ ಅಂಕಿ ಬೇರೆಯಾಗುತ್ತದೆ. ಆಯಾ ಎಂಜಿನ್ನಿನ ಪುಸ್ತಕ ಹೇಳಿದ್ದೇ ಪ್ರಮಾಣ. ಸೂಜಿಗೂ ಅದರ ಮನೆಗೂ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ನಮ್ಮ ತಲೆಗೂದಲು ಅದರ ಇಪ್ಪತ್ತು ಪಟ್ಟು ದಪ್ಪ. ಆ ಸಂದಿನಲ್ಲಿ ಜಿನುಗುವ ಎಣ್ಣೆಯೇ ಸೂಜಿಗೆ ನಯ ಕೊಡುತ್ತದೆ. ಮಿಕ್ಕದ್ದು ಇನ್ನೊಂದು ಸಣ್ಣ ಕೊಳವೆಯಲ್ಲಿ ವಾಪಸು ಹೋಗುತ್ತದೆ. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೆ ಪಂಪೂ ನಾಜಲ್ಲೂ ಏಕೆ ಬೇಗ ಸವೆಯುತ್ತವೆಂಬುದಕ್ಕೆ ಇದೇ ಉತ್ತರ: ಸೀಮೆಎಣ್ಣೆ ತೀರ ತೆಳು, ಅದಕ್ಕೆ ಆ ನಯವಿಲ್ಲ.

ನಾಜಲ್ಲು ಕೆಡುವುದು ಒಂದೇ ದಿನದಲ್ಲಲ್ಲ. ಸ್ಪ್ರಿಂಗು ಸೋಲುತ್ತದೆ, ಪೀಠ ಸವೆಯುತ್ತದೆ, ರಂಧ್ರಗಳಿಗೆ ಮಸಿ ಕಟ್ಟುತ್ತದೆ. ಆಗ ಎಣ್ಣೆ ಮಂಜಾಗಿ ಬೀಳುವುದರ ಬದಲು ಧಾರೆಯಾಗಿ ಬೀಳುತ್ತದೆ, ಇಲ್ಲವೆ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತದೆ. ಏರಿನಲ್ಲಿ ಸೈಲೆನ್ಸರಿನಿಂದ ಕಪ್ಪು ಹೊಗೆ, ಬೆಳಿಗ್ಗೆ ಸ್ಟಾರ್ಟು ಮಾಡುವಾಗ ಕಣ್ಣುರಿಸುವ ಬಿಳಿ ಹೊಗೆ, ಎಂಜಿನ್ನು ನಿಂತಲ್ಲಿ ನಡುಗುವುದು, ಒಂದು ಸಿಲಿಂಡರಿನಲ್ಲಿ ಸುತ್ತಿಗೆಯಿಂದ ಬಡಿದಂತೆ ಟಕ್ ಟಕ್ ಶಬ್ದ, ಇವು ಲಕ್ಷಣಗಳು. ತೊಟ್ಟಿಕ್ಕುವ ನಾಜಲ್ಲು ಎಲ್ಲಕ್ಕಿಂತ ಕೆಟ್ಟದ್ದು. ಉರಿಯದ ಡೀಸೆಲು ಸಿಲಿಂಡರಿನ ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಗೇಜು ಕಡ್ಡಿ ಎಳೆದು ನೋಡಿದರೆ ಆಯಿಲು ಕಡಿಮೆಯಾಗುವುದರ ಬದಲು ಹೆಚ್ಚಿರುತ್ತದೆ. ಅದನ್ನು ಕಂಡು ಸಂತೋಷಪಟ್ಟ ಮಾಲೀಕನು ಕೆಟ್ಟ! ಒಂದೇ ಕಡೆ ಎಣ್ಣೆ ಬಿದ್ದು ಉರಿದು ಪಿಸ್ಟನ್ನಿನ ತಲೆಯೇ ಕರಗಿ ತೂತಾದುದೂ ಉಂಟು. ಆಮೇಲೆ ಎಂಜಿನ್ನು ಬಿಚ್ಚದೆ ಗತಿಯಿಲ್ಲ.

ಅಷ್ಟರವರೆಗೆ ಹೋಗದಿದ್ದರೂ ನಷ್ಟ ದಿನದಿನವೂ ಇದ್ದೇ ಇರುತ್ತದೆ. ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಕೊಡುತ್ತಿದ್ದ ಲಾರಿ ನಾಲ್ಕಕ್ಕಿಳಿದರೆ ಅರ್ಧ ಕಿಲೋಮೀಟರು ತಾನೆ ಎನ್ನಿಸುತ್ತದೆ. ತಿಂಗಳಿಗೆ ೫,೦೦೦ ಕಿಲೋಮೀಟರು ಓಡುವ ಲಾರಿಗೆ ಅದರಿಂದ ತಗಲುವ ಹೆಚ್ಚಿನ ಡೀಸೆಲು ಸುಮಾರು ೧೩೯ ಲೀಟರು. ಒಂದೇ ಲಾರಿಯನ್ನು ನಂಬಿ ಮನೆ ನಡೆಸುವವರಿಗೆ ಆ ೧೩೯ ಲೀಟರಿನ ಹಣವೆಂದರೆ ಮಕ್ಕಳ ಫೀಜು, ಬ್ಯಾಂಕಿನ ಕಂತು. ನಾನು ಕಾಲೇಜಿಗೆ ಬಂದ ವರ್ಷ ನಮ್ಮ ಮನೆಯ ಮಾತುಕತೆಯೆಲ್ಲ ಈ ಲೆಕ್ಕದ ಸುತ್ತಲೇ ನಡೆಯುತ್ತಿತ್ತು. ಇನ್ನು ಹೊಗೆಯ ವಿಷಯ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೨ರಲ್ಲಿ ತೀರ್ಮಾನ ಕೊಟ್ಟಿದೆ. ಆ ಹೊಗೆಯನ್ನು ಮೊದಲು ಕುಡಿಯುವವನು ಹಿಂದಿನ ಬೈಕಿನವನಲ್ಲ. ಗ್ಯಾರೇಜಿನಲ್ಲಿ ದಿನವಿಡೀ ಲಾರಿಯ ಪಕ್ಕದಲ್ಲಿ ನಿಲ್ಲುವ ಹುಡುಗ.

ಮಾವನವರ ಲಾರಿ ಹೊಗೆಯಾಡತೊಡಗಿದಾಗ ಮೊದಲು ತೋರಿಸಿದ ಕಡೆ 'ಪಂಪು ಹೋಗಿದೆ' ಎಂದರು. ಪಂಪು ಬಿಚ್ಚಿ, ಕಟ್ಟಿ, ದೊಡ್ಡ ಬಿಲ್ಲು ಮಾಡಿದರು. ಎರಡು ಬಾಡಿಗೆ ತಪ್ಪಿದವು. ಹೊಗೆ ಮಾತ್ರ ಇದ್ದಂತೆಯೇ ಇತ್ತು. ಆಮೇಲೆ ನಮ್ಮ ಊರಿನ ಹಳೆಯ ಮೇಸ್ತ್ರಿಯವರ ಬಳಿಗೆ ಹೋದೆವು. ಅವರು ಎಂಜಿನ್ನಿನ ಶಬ್ದವನ್ನು ಒಂದು ನಿಮಿಷ ಕೇಳಿ, "ಪಂಪಿಗೆ ಯಾಕ್ ಕೈ ಹಚ್ಚಿಸಿದ್ರಿ ಯಜಮಾನ್ರೇ? ಮೊದ್ಲು ನಾಜಲ್ ನೋಡ್ಬೇಕಿತ್ತು" ಎಂದರು. ನೋಡುವ ಉಪಾಯ ಬಹಳ ಸರಳ. ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು, ಒಂದೊಂದೇ ನಾಜಲ್ಲಿನ ಕೊಳವೆಯ ನಟ್ಟನ್ನು ಸ್ವಲ್ಪ ಸಡಿಲಿಸಬೇಕು. ಆ ಸಿಲಿಂಡರಿಗೆ ಎಣ್ಣೆ ತಪ್ಪುತ್ತದೆ. ಒಳ್ಳೆಯ ಸಿಲಿಂಡರಾಗಿದ್ದರೆ ಎಂಜಿನ್ನು ಕುಂಟಬೇಕು. ಸಡಿಲಿಸಿದರೂ ಶಬ್ದದಲ್ಲಿ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರು ಮೊದಲೇ ಕೆಲಸ ಬಿಟ್ಟಿತ್ತೆಂದು ಅರ್ಥ. ಟಕ್ ಟಕ್ ಎನ್ನುವುದು ಸಡಿಲಿಸಿದೊಡನೆ ನಿಂತರೆ ಕಳ್ಳನು ಸಿಕ್ಕಿದನೆಂದೇ ಹೇಳಬಹುದು. ಆದರೂ ಇದು ಅನುಮಾನ ಮಾತ್ರ. ವಾಲ್ವು ಸುಟ್ಟಿದ್ದರೂ ರಿಂಗು ಸವೆದಿದ್ದರೂ ಸಿಲಿಂಡರು ಹೀಗೆಯೇ ಸೋಮಾರಿಯಾಗಬಹುದು. ನಾಜಲ್ಲನ್ನು ಹೊರಗೆ ತೆಗೆದು ಪರೀಕ್ಷಿಸಿದಾಗಲೇ ನಿರ್ಣಯ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿಸಬೇಕೆಂದು ಸಂಪಾದಕರನ್ನು ಕೇಳಿಕೊಳ್ಳಬೇಕೆನ್ನಿಸುತ್ತದೆ. ಈ ಸಡಿಲಿಸುವ ಪರೀಕ್ಷೆ ಹಳೆಯ ಸಾಲು ಪಂಪಿನ ಎಂಜಿನ್ನುಗಳಿಗೆ ಮಾತ್ರ. ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ನಿಯಮ ಬಂದ ಮೇಲಿನ ಲಾರಿಗಳಲ್ಲಿಯೂ, ಅದಕ್ಕೆ ಮುಂಚಿನ ಅನೇಕ ಲಾರಿಗಳಲ್ಲಿಯೂ ಎಲ್ಲ ನಾಜಲ್ಲುಗಳಿಗೂ ಒಂದೇ ಉಕ್ಕಿನ ನಳಿಗೆಯಿಂದ ಎಣ್ಣೆ ಬರುತ್ತದೆ. ಅದರಲ್ಲಿನ ಒತ್ತಡ ಸಾವಿರದ ಲೆಕ್ಕದಲ್ಲಿರುತ್ತದೆ. ಓಡುವ ಎಂಜಿನ್ನಿನಲ್ಲಿ ಅಂತಹ ನಟ್ಟಿಗೆ ಪಾನಾ ಹಚ್ಚುವುದೆಂದರೆ ಮೃತ್ಯುವಿನೊಡನೆ ಸರಸ. ಹಳೆಯದರಲ್ಲಿಯೂ ನಾಜಲ್ಲಿನ ಸಿಂಪಡಿಕೆಯೆದುರು ಬೆರಳು ಹಿಡಿಯಲೇಬಾರದು. ಎಣ್ಣೆಯ ಆ ಸೂಕ್ಷ್ಮ ಧಾರೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಮೊದಲು ಸೊಳ್ಳೆ ಕಚ್ಚಿದಷ್ಟು ಗುರುತು, ನೋವೂ ಅಷ್ಟಕ್ಕಷ್ಟೆ. ಕೆಲವು ತಾಸಿನಲ್ಲಿ ಒಳಗಿನ ಮಾಂಸ ಸಾಯತೊಡಗುತ್ತದೆ. ಒಂದು ಗ್ಯಾರೇಜಿನಲ್ಲಿ ಹದಿನಾರು ವರ್ಷದ ಹುಡುಗನೊಬ್ಬನು ಟೆಸ್ಟರಿನ ಮುಂದೆ ಬೆರಳು ಒಡ್ಡಿ, ಅರಿಶಿನ ಮೆತ್ತಿಕೊಂಡು ಮನೆಗೆ ಹೋದನಂತೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಅವನ ತೋರುಬೆರಳನ್ನು ತೆಗೆಯಬೇಕಾಯಿತು. ಇಂಥದು ಆದರೆ ಗಾಯ ಎಷ್ಟೇ ಸಣ್ಣದಿರಲಿ, ಆ ಗಳಿಗೆಯಲ್ಲಿಯೇ ಶಸ್ತ್ರಚಿಕಿತ್ಸೆಯ ವೈದ್ಯರಿರುವ ಆಸ್ಪತ್ರೆಗೆ ಓಡಬೇಕು. 'ಡೀಸೆಲ್ ಒತ್ತಡದಲ್ಲಿ ಒಳಗೆ ಹೋಗಿದೆ' ಎಂದು ಸ್ಪಷ್ಟವಾಗಿ ಹೇಳಬೇಕು.

ಈಗ ಬಿಚ್ಚುವ ಕೆಲಸ. ಮೇಸ್ತ್ರಿಯವರು ಪಾನಾ ಮುಟ್ಟುವ ಮೊದಲು ಒಂದು ಗಂಟೆ ಬರಿಯ ತೊಳೆಯುವುದರಲ್ಲಿ ಕಳೆದರು. ಮಾವನವರಿಗೆ ಅವಸರ, ಆದರೆ ಮೇಸ್ತ್ರಿಯವರು ಕೇಳಲಿಲ್ಲ. ಆ ಸಾವಿರದೆರಡು ಪಾಲಿನ ಸಂದನ್ನು ನೆನೆಸಿಕೊಂಡರೆ ಅವರೇ ಸರಿ. ಕಣ್ಣಿಗೆ ಕಾಣದ ಒಂದು ಮಣ್ಣಿನ ಕಣ ಸಾಕು, ಹೊಸ ಸೂಜಿ ಸಿಕ್ಕಿಕೊಂಡು ನಿಲ್ಲುವುದಕ್ಕೆ. ನಾಜಲ್ಲಿನ ಸುತ್ತಲ ಗುಳಿಗಳಲ್ಲಿ ಕೂತ ಮಣ್ಣು, ಜಿಡ್ಡು ಎಲ್ಲವನ್ನೂ ಬ್ರಷ್ಷಿನಿಂದ ತೊಳೆದು ಗಾಳಿ ಹೊಡೆಯಬೇಕು. ಅನಂತರ ವಾಪಸು ಕೊಳವೆಯನ್ನು ತೆಗೆದು, ದಪ್ಪ ಕೊಳವೆಗಳನ್ನು ಬಿಚ್ಚಬೇಕು. ಕೊಳವೆಗಳು ಅದಲು ಬದಲಾಗಬಾರದು, ಬಗ್ಗಿಸಲೂಬಾರದು. ಹತ್ತಿರದ ಸಿಲಿಂಡರಿಗೂ ದೂರದ ಸಿಲಿಂಡರಿಗೂ ಒಂದೇ ಉದ್ದದ ಕೊಳವೆಯನ್ನು ಡೊಂಕು ಡೊಂಕಾಗಿ ಮಾಡಿ ಹಾಕಿರುವುದು ಅಂದಕ್ಕಲ್ಲ, ಎಣ್ಣೆ ಎಲ್ಲಕ್ಕೂ ಸಮನಾದ ವೇಳೆಗೆ ಮುಟ್ಟಲೆಂದು. ಬಿಚ್ಚಿದ ಬಾಯಿಗಳಿಗೆಲ್ಲ ಒಡನೆಯೇ ಬಿರಡೆ ಹಾಕಬೇಕು. ನೂಲು ಬಿಡುವ ವೇಸ್ಟನ್ನು ತುರುಕಬಾರದು. ಆ ಎಳೆಯೇ ರಂಧ್ರಕ್ಕೆ ಹೋಗಿ ಕೂರುತ್ತದೆ.

ಕೆಲವು ಎಂಜಿನ್ನುಗಳಲ್ಲಿ ನಾಜಲ್ಲನ್ನು ಎರಡು ನಟ್ಟಿನ ಪಟ್ಟಿಯಿಂದ ಅದುಮಿರುತ್ತಾರೆ. ಬೆಂಜ್ ಮನೆತನದ್ದರಲ್ಲಿ ಸುತ್ತಲೂ ಒಂದು ಬಳೆಯಂತಹ ನಟ್ಟಿರುತ್ತದೆ. ಅದಕ್ಕೆ ತಕ್ಕ ಹಲ್ಲುಳ್ಳ ಸಾಕೆಟ್ಟು ಬೇರೆಯೇ ಉಂಟು. ಅದಿಲ್ಲದವರು ಉಳಿಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುತ್ತಾರೆ. ಹಾಗೆ ಹೊಡೆಸಿಕೊಂಡು ಅಂಚು ಮುರಿದ ನಟ್ಟುಗಳನ್ನು ಎಷ್ಟೋ ಲಾರಿಗಳಲ್ಲಿ ನೋಡಬಹುದು. ವರ್ಷಗಟ್ಟಲೆ ಕೂತ ನಾಜಲ್ಲು ಮಸಿ ಹಿಡಿದು ಅಲುಗುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಸುಮ್ಮನಿದ್ದು, ಮರುದಿನ ಅತ್ತಿತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿ ಎಬ್ಬಿಸಬೇಕು. ಬಗ್ಗದಿದ್ದರೆ ಎಳೆಯುವ ಸಾಧನವನ್ನೇ ಹಾಕಬೇಕು. ಹಾರೆ ಕೊಟ್ಟು ಮೀಟಬಾರದು. ನಟ್ಟು ಸಡಿಲಿಸಿ ಸೆಲ್ಫು ಹೊಡೆದರೆ ಒಳಗಿನ ಗಾಳಿಯೇ ಅದನ್ನು ಹಾರಿಸುತ್ತದೆಂದು ಕೆಲವು ಶೂರರು ಹೇಳುತ್ತಾರೆ. ಹಾರಿಸುತ್ತದೆ, ನಿಜ, ಎಲ್ಲಿಗೆ, ಯಾರ ಮುಖಕ್ಕೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಾಜಲ್ಲು ಬಂದ ಮೇಲೆ ಮರೆಯಬಾರದ್ದು ಅದರ ಕೆಳಗಿನ ತಾಮ್ರದ ವಾಷರು. ಅದು ಅನೇಕ ವೇಳೆ ನಾಜಲ್ಲಿನ ಸಂಗಡ ಬರದೆ ಗುಂಡಿಯ ತಳದಲ್ಲಿಯೇ ಅಂಟಿಕೊಂಡಿರುತ್ತದೆ. ಮಾವನವರ ಲಾರಿಯ ನಾಲ್ಕನೆಯ ಸಿಲಿಂಡರಿನಲ್ಲಿ ಮೇಸ್ತ್ರಿಯವರು ಬ್ಯಾಟರಿ ಬಿಟ್ಟು ನೋಡಿ, ಕೊಕ್ಕೆ ಹಾಕಿ ಎಳೆದರೆ ಒಂದರ ಮೇಲೊಂದು ಎರಡು ವಾಷರು ಬಂದವು. ಹಿಂದೆ ಯಾರೋ ಹಳೆಯದನ್ನು ತೆಗೆಯದೆ ಹೊಸದನ್ನು ಅದರ ಮೇಲೆಯೇ ಕೂರಿಸಿದ್ದರು. ಇದರಿಂದ ಏನಾಯಿತು? ನಾಜಲ್ಲಿನ ಮೂತಿ ಒಂದು ವಾಷರಿನಷ್ಟು ಮೇಲೆ ನಿಂತಿತು. ಎಣ್ಣೆಯ ಧಾರೆಗಳು ಪಿಸ್ಟನ್ನಿನ ಬಟ್ಟಲಿಗೆ ಬೀಳುವುದರ ಬದಲು ಹೆಡ್ಡಿನ ಅಡಿಗೂ ಬಟ್ಟಲಿನ ಅಂಚಿಗೂ ಬಡಿದವು. ಅಲ್ಲಿ ಉರಿಯದೆ ಉಳಿದ ಎಣ್ಣೆ ಮಸಿಯಾಯಿತು, ಹೊಗೆಯಾಯಿತು. ಪಂಪಿಗೆ ಸುರಿದ ಹಣವನ್ನೂ, ಕೈಯಲ್ಲಿದ್ದ ಆ ಚಿಕ್ಕ ತಾಮ್ರದ ಬಿಲ್ಲೆಯನ್ನೂ ಮಾವನವರು ಬಹಳ ಹೊತ್ತು ಮನಸ್ಸಿನಲ್ಲಿ ತೂಗಿ ನೋಡುತ್ತಿದ್ದರೆಂದು ಕಾಣುತ್ತದೆ, ಏನೂ ಮಾತಾಡಲಿಲ್ಲ.

ಗುಂಡಿಯ ತಳದ ಮಸಿಯನ್ನು ಕೆರೆಯುವಾಗ ಕೆರೆಯುವ ಸಾಧನಕ್ಕೆ ಗ್ರೀಸು ಹಚ್ಚಿಕೊಂಡರೆ ಮಸಿ ಅದಕ್ಕೆ ಅಂಟಿ ಹೊರಬರುತ್ತದೆ. ಅನಂತರ ಸ್ಟಾಪ್ ಕಡ್ಡಿಯನ್ನು ಎಳೆದಿಟ್ಟು, ಎಲ್ಲರೂ ದೂರ ಸರಿದು, ಒಂದೆರಡು ಸಲ ಸೆಲ್ಫು ಹೊಡೆದರೆ ಒಳಗೆ ಬಿದ್ದ ಚೂರೂ ಗಾಳಿಯೊಡನೆ ಹಾರಿಹೋಗುತ್ತದೆ.

ತೆಗೆದ ನಾಜಲ್ಲನ್ನು ಕೈ ಹಿಡಿಕೆಯ ಟೆಸ್ಟರಿಗೆ ಕಟ್ಟಿ ನೋಡುವುದು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದ ಭಾಗ. ಹಿಡಿಕೆಯನ್ನು ಒತ್ತಿದಂತೆ ಗಡಿಯಾರದ ಮುಳ್ಳು ಏರುತ್ತದೆ. ಯಾವ ಅಂಕಿಯಲ್ಲಿ ನಾಜಲ್ಲು ಬಾಯಿ ಬಿಟ್ಟಿತೆಂಬುದನ್ನು ಗುರುತು ಹಾಕಬೇಕು. ಎಲ್ಲ ರಂಧ್ರಗಳಿಂದಲೂ ಸಮನಾದ ಮಂಜಿನ ಗರಿಗಳು ಹೊರಡಬೇಕು. ಆರೋಗ್ಯವಾದ ನಾಜಲ್ಲು ಸಿಂಪಡಿಸುವಾಗ 'ಕರ್ ಕರ್' ಎಂದು ಹಕ್ಕಿಯಂತೆ ಕೂಗುತ್ತದೆ. ಕೂಗದ ನಾಜಲ್ಲಿನ ಸೂಜಿ ಎಲ್ಲಿಯೋ ಹಿಡಿಯುತ್ತಿದೆ. ಬಾಯಿ ತೆರೆಯುವ ಒತ್ತಡಕ್ಕಿಂತ ೨೦ ಕಡಿಮೆಯಲ್ಲಿ ಮುಳ್ಳನ್ನು ನಿಲ್ಲಿಸಿ ಹತ್ತು ಸೆಕೆಂಡು ಕಾದರೆ ಮೂತಿಯಿಂದ ಒಂದು ತೊಟ್ಟೂ ಬೀಳಬಾರದು. ಮಾವನವರ ಆರು ನಾಜಲ್ಲುಗಳಲ್ಲಿ ಎರಡು ತೊಟ್ಟಿಕ್ಕಿದವು, ಒಂದು ಮೂಕವಾಗಿತ್ತು. ಉಳಿದ ಮೂರೂ ಇರಬೇಕಾದುದಕ್ಕಿಂತ ಕಡಿಮೆ ಒತ್ತಡದಲ್ಲಿ ಬಾಯಿ ಬಿಟ್ಟವು.

ಹಾಗಾದರೆ ಮೂರನ್ನು ಬದಲಾಯಿಸಬೇಕೆ, ಆರನ್ನೂ ಬದಲಾಯಿಸಬೇಕೆ? ಮಾಲೀಕರಿಗೆ ಬರುವ ದೊಡ್ಡ ಸಂಕಟ ಇದೇ. ನನ್ನ ಅಭಿಪ್ರಾಯದಲ್ಲಿ, ಆರೂ ಒಂದೇ ಕಾಲದಲ್ಲಿ ಹಾಕಿದವಾಗಿದ್ದರೆ ಆರನ್ನೂ ಬದಲಾಯಿಸುವುದು ಜಾಣತನ. ಹೊಸದು ಮೂರು, ಹಳೆಯದು ಮೂರು ಆದರೆ ಎಂಜಿನ್ನು ಒಂದೇ ಹದದಲ್ಲಿ ಓಡುವುದಿಲ್ಲ. ಆದರೆ ಇಡೀ ಉಪಕರಣವನ್ನು ಬದಲಾಯಿಸಬೇಕಾದುದು ಅಪರೂಪ. ಹೊರಗಿನ ಮೈ ಸರಿಯಾಗಿದ್ದರೆ ಮೂತಿ ಮತ್ತು ಸೂಜಿಯನ್ನು ಮಾತ್ರ ಹೊಸದಾಗಿ ಹಾಕಿ, ಸ್ಪ್ರಿಂಗಿನ ಬಿಗಿಯನ್ನು ಸರಿಪಡಿಸಿದರೆ ಸಾಕು. ಕೆಲವದರಲ್ಲಿ ತಿರುಪಿನಿಂದ, ಕೆಲವದರಲ್ಲಿ ತೆಳುವಾದ ಬಿಲ್ಲೆಗಳನ್ನು ಸೇರಿಸುವುದರಿಂದ ಬಿಗಿ ಹೆಚ್ಚುತ್ತದೆ. ಮೂತಿ, ಸೂಜಿಗಳು ಗಂಡಹೆಂಡಿರಂತೆ ಜೊತೆಯಾಗಿಯೇ ಹುಟ್ಟಿದವು. ಒಂದರ ಸೂಜಿಯನ್ನು ಇನ್ನೊಂದರ ಮೂತಿಗೆ ಹಾಕಲಾಗದು. ಹೊಸದನ್ನು ಶುದ್ಧ ಡೀಸೆಲಿನಲ್ಲಿ ಅದ್ದಿ, ಮೂತಿಯನ್ನು ಓರೆಯಾಗಿ ಹಿಡಿದು, ಸೂಜಿಯನ್ನು ಮೂರನೆಯ ಒಂದು ಪಾಲು ಹೊರಗೆಳೆದು ಬಿಟ್ಟರೆ ಅದು ತನ್ನ ಭಾರದಿಂದಲೇ ಮೆಲ್ಲಗೆ ಜಾರಿ ಒಳಗೆ ಕೂರಬೇಕು. ಸೂಜಿಯ ನುಣುಪಾದ ಮೈಯನ್ನು ಬೆರಳಿನಿಂದ ಮುಟ್ಟಬಾರದು. ಬೆವರಿನಿಂದ ತುಕ್ಕು ಬರುತ್ತದೆ. ಹಳೆಯದನ್ನೇ ಶುದ್ಧಿ ಮಾಡುವವರು ಹಿತ್ತಾಳೆಯ ಬ್ರಷ್ಷನ್ನು ಉಪಯೋಗಿಸಬೇಕು. ಎಮರಿ ಕಾಗದ ಹಾಕಿ ತಿಕ್ಕಿದ ಸೂಜಿಯನ್ನು ಗುಜರಿಗೆ ಹಾಕುವುದೊಂದೇ ದಾರಿ. ಅಂಗಡಿಯಲ್ಲಿ ಅಸಲಿನಂತೆಯೇ ಪೊಟ್ಟಣ ಕಟ್ಟಿದ ನಕಲಿ ಮಾಲೂ ಅರ್ಧ ಬೆಲೆಗೆ ಸಿಗುತ್ತದೆ. ಅದನ್ನು ಟೆಸ್ಟರಿಗೆ ಹಾಕಿದಾಗ ಬೆಲೆ ಏಕೆ ಅರ್ಧವೆಂಬುದು ಗೊತ್ತಾಗುತ್ತದೆ. ಮೂತಿಯ ಮೇಲೆ ಕೊರೆದ ನಂಬರನ್ನು ಹಳೆಯದರೊಂದಿಗೆ ಓದಿ ನೋಡಿ ಕೊಳ್ಳಬೇಕು. ರಂಧ್ರಗಳ ಸಂಖ್ಯೆಯೂ ಓರೆಯೂ ಬೇರೆಯಾದರೆ ಹೊಸದಾದರೂ ಪ್ರಯೋಜನವಿಲ್ಲ.

ಕೂರಿಸುವಾಗ ಒಂದೊಂದಕ್ಕೂ ಒಂದೇ ಒಂದು ಹೊಸ ತಾಮ್ರದ ವಾಷರು. ನಟ್ಟನ್ನು ಪುಸ್ತಕ ಹೇಳಿದಷ್ಟೇ ಬಿಗಿ ಮಾಡಬೇಕು. ಉದ್ದನೆಯ ಪೈಪು ಹಾಕಿ ಬಲ ತೋರಿಸಿದರೆ ಮೂತಿ ಕೂದಲಷ್ಟು ಸೊಟ್ಟಗಾಗಿ ಸೂಜಿ ಸಿಕ್ಕಿಕೊಳ್ಳುತ್ತದೆ. ಕೊಳವೆಗಳ ನಟ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಹಾಕಿ, ನಾಜಲ್ಲಿನ ಕಡೆ ಒಂದು ಸುತ್ತು ಸಡಿಲವಾಗಿ ಬಿಡಬೇಕು. ಬಿಚ್ಚಿದಾಗ ಗಾಳಿ ಹೊಕ್ಕಿರುತ್ತದೆ. ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಕೊಳವೆಯಲ್ಲಿ ಗಾಳಿಯಿದ್ದರೆ ಪಂಪಿನ ಬಲವೆಲ್ಲ ಅದನ್ನು ಹಿಂಡುವುದರಲ್ಲಿಯೇ ಮುಗಿದು ಸೂಜಿ ಏಳುವುದೇ ಇಲ್ಲ. ಇದಕ್ಕೇ 'ಏರ್ ಹಿಡಿದಿದೆ' ಎನ್ನುವುದು. ಫಿಲ್ಟರಿನ ತಿರುಪನ್ನೂ ಪಂಪಿನ ತಿರುಪನ್ನೂ ಸಡಿಲಿಸಿ ಕೈ ಪಂಪನ್ನು ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧವಾದ ಎಣ್ಣೆ ಬರುತ್ತದೆ. ಅವನ್ನು ಬಿಗಿದು ಸೆಲ್ಫು ಹೊಡೆದರೆ ನಾಜಲ್ಲಿನ ಬಾಯಲ್ಲಿಯೂ ಎಣ್ಣೆ ಚಿಮ್ಮುತ್ತದೆ. ಆಗ ಸೆಲ್ಫನ್ನು ನಿಲ್ಲಿಸಿ ಒಂದೊಂದಾಗಿ ಬಿಗಿಯಬೇಕು. ಎಂಜಿನ್ನು ಮೊದಲು ಮೂರು ಕಾಲಿನ ಮೇಲೆ ನಿಂತಂತೆ ಕುಂಟಿ, ನಾಲ್ಕೈದು ಸಿಲಿಂಡರು ಕೂಡಿಕೊಂಡು, ಕಡೆಗೆ ಆರೂ ಒಂದೇ ಲಯಕ್ಕೆ ಬರುವುದನ್ನು ಕೇಳುವುದೇ ಒಂದು ಸುಖ. ಸಿಲಿಂಡರುಗಳು ೧, ೫, ೩, ೬, ೨, ೪ ಎಂಬ ಕ್ರಮದಲ್ಲಿ ಹತ್ತಿಕೊಳ್ಳುತ್ತವೆ. ತಾಳ ಬಲ್ಲವರು ಇದಕ್ಕೊಂದು ಹೆಸರು ಹುಡುಕಬಹುದು.

ಆದರೆ ಅಲ್ಲಿಗೆ ಕೈ ತೊಳೆದುಕೊಳ್ಳುವಂತಿಲ್ಲ. ಎಂಜಿನ್ನು ಬಿಸಿಯಾದ ಮೇಲೆ ಪ್ರತಿ ನಾಜಲ್ಲಿನ ಬುಡವನ್ನೂ ನೋಡಬೇಕು. ಕರಿಯ ಗುಳ್ಳೆಯೇಳುತ್ತಿದ್ದರೆ ವಾಷರು ಕೂತಿಲ್ಲ. ಕೊಳವೆಗಳನ್ನು ಹಿಡಿಯುವ ಕ್ಲಿಪ್ಪುಗಳನ್ನು ಮರೆಯದೆ ಹಾಕಬೇಕು. ಅವಿಲ್ಲದಿದ್ದರೆ ಕೊಳವೆ ನಡುಗಿ ನಡುಗಿ ಸೀಳಿ, ಬಿಸಿಯಾದ ಸೈಲೆನ್ಸರಿನ ಮೇಲೆ ಡೀಸೆಲು ಚಿಮ್ಮೀತು. ಮೊದಲ ಲೋಡು ಇಳಿಸಿ ಬಂದ ಮೇಲೆ ಇನ್ನೊಮ್ಮೆ ಎಲ್ಲ ನಟ್ಟುಗಳನ್ನೂ ಒರೆಸಿ ಒದ್ದೆಯಾಗುತ್ತವೆಯೇ ಎಂದು ಪರೀಕ್ಷಿಸತಕ್ಕದ್ದು. ಹಳೆಯ ನಾಜಲ್ಲು ತೊಟ್ಟಿಕ್ಕುತ್ತಿದ್ದುದು ನಿಜವಾದರೆ ಎಂಜಿನ್ ಆಯಿಲಿನಲ್ಲಿ ಡೀಸೆಲು ಸೇರಿಯೇ ಇರುತ್ತದೆ. ಗೇಜು ಕಡ್ಡಿಯ ಆಯಿಲನ್ನು ಮೂಸಿ ನೋಡಿ ಡೀಸೆಲಿನ ವಾಸನೆ ಬಂದರೆ, ಅವಧಿ ಇನ್ನೂ ಇದ್ದರೂ ಆ ಆಯಿಲನ್ನು ಅಂದೇ ಇಳಿಸಿ, ಫಿಲ್ಟರು ಸಹಿತ ಹೊಸದನ್ನು ಹಾಕಿಯೇ ಲೋಡಿಗೆ ಬಿಡಬೇಕು.